ನನ್ನ ಭಾರದ ಗಿರಾಕಿಗಳನ್ನೆಲ್ಲ ಅವರಿಗೇ ಕೊಟ್ಟೆ

ಸಾವ್ಕಾರರ ಆಟೋ ಕಾರಟಗಿಯ ಎಲ್ಲ ಓಣಿಗಳಲ್ಲೂ ಒಂದೊಂದು ಸಲ ಕೂಗಿ ಮುಂದೆ ಹೋಗುತ್ತಿತ್ತು. ನನ್ನ ಅಂಗಡಿಯ ಮುಂದೆ ಮಾತ್ರ ಎಂಜಿನ್ ಬಂದ್ ಮಾಡಿ ನಿಂತಿತು. ಮೇಲೆ ಕಟ್ಟಿದ್ದ ಮೈಕು, ತಿಂಗಳಿಗೆ ಬರೀ ಮುನ್ನೂರು ರೂಪಾಯಿಗೆ ಅನ್‌ಲಿಮಿಟೆಡ್ ಇಂಟರ್‌ನೆಟ್, ಎಷ್ಟು ಬೇಕಾದರೂ ನೋಡಿ, ಎಷ್ಟು ಮಂದಿ ಬೇಕಾದರೂ ನೋಡಿ ಎಂದು ಒದರುತ್ತಲೇ ಇತ್ತು. ಆಗ ನನ್ನ ದರ ಐನೂರು. ಕೌಂಟರಿನ ಮುಂದೆ ನಿಂತಿದ್ದ ಗಿರಾಕಿ ಒಮ್ಮೆ ಆಟೋ ಕಡೆ, ಒಮ್ಮೆ ನನ್ನ ಕಡೆ ನೋಡಿ, ಹೊರಗೆ ತೆಗೆದಿದ್ದ ನೋಟನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಆಟೋದವನು ಪರಿಚಯದವನೇ. ಹೊರಗೆ ಹೋಗಿ ಕೇಳಿದರೆ, ಅರ್ಧ ತಾಸು ಇಲ್ಲೇ ನಿಲ್ಲಬೇಕೆಂದು ಸಾವ್ಕಾರರ ಹುಕುಂ ಆಗಿದೆ ಎಂದು ತಲೆ ತಗ್ಗಿಸಿದ. ಅವನಿಗೆ ಚಹಾ ಕೊಡಿಸಿದೆ. ನನ್ನ ಸಿಟ್ಟು ಅವನ ಮೇಲೆ ಇರಲಿಲ್ಲ.

ಸಾವ್ಕಾರರೆಂದರೆ ನಮ್ಮೂರಿನಲ್ಲಿ ಡಿಶ್ ಕಟ್ಟಿ ಮನೆಮನೆಗೆ ಕೇಬಲ್ ಟಿವಿ ಕೊಟ್ಟವರು. ಕೇಬಲ್ ಕಾಲ ಮುಗಿಯುತ್ತ ಬಂದಾಗ ಇಂಟರ್‌ನೆಟ್‌ಗೆ ಇಳಿದರು. ಆಗ ಕೊಪ್ಪಳದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಯಾವ ಕಂಬದಿಂದ ಯಾವ ಕಂಬಕ್ಕೆ ಫೈಬರ್ ಎಳೆಯಬೇಕು, ಎಲ್ಲಿ ಒಡೆದು ಎಷ್ಟು ಮನೆಗೆ ಹಂಚಬೇಕು ಎಂಬುದನ್ನೆಲ್ಲ ಗೊತ್ತು ಮಾಡಿದವಳು ನಾನು. ಲೈನು ಊರೆಲ್ಲ ಹಬ್ಬಿದ ಮೇಲೆ ನಿನಗೊಂದು ಪಾಲು ಎಂದಿದ್ದರು. ಹಬ್ಬಿತು. ಪಾಲು ಗಂಗಾವತಿಯಲ್ಲಿದ್ದ ಅಳಿಯನ ಹೆಸರಿಗೆ ಹೋಯಿತು. ಅಕ್ಕಿ ಗಿರಣಿ ಮಾಲೀಕರು ಕೂತಿದ್ದ ಕೋಣೆಯಲ್ಲಿ ನಾನು ಆ ಮಾತು ಎತ್ತಿದೆ. ಸಾವ್ಕಾರರು ನಕ್ಕು ಅಂದರು:

“ಆಕಿ ಬಿಲ್ ಹರಿಯಾಕಿ. ಬಿಲ್ ಹರಿಯಾಕಿಗೆ ಎಂಥಾ ಪಾಲ್ರೀ?”

ಮನೆಮನೆಗೆ ರಸೀದಿ ಹರಿದುಕೊಡುವವಳು ಎಂಬ ಆ ಮಾತಿಗೆ ಎಲ್ಲರೂ ನಕ್ಕರು. ಚಹಾ ತಂದಿದ್ದವನೂ ನಕ್ಕ. ಮರುದಿನ ಕೆಲಸ ಬಿಟ್ಟೆ. ನನ್ನ ಜೊತೆ ಫೈಬರ್ ಜೋಡಿಸುವ ಮೇಸ್ತ್ರಿಯೂ ಬಿಟ್ಟ. ಬೇರೊಂದು ಕಂಪನಿಯ ಫ್ರ್ಯಾಂಚೈಸಿ ಹಿಡಿದು, ಯಲಬುರ್ಗಾದ ತವರಿನವರು ನನ್ನ ಪಾಲಿನ ಹೊಲ ಮಾರಿ ಕೊಟ್ಟಿದ್ದನ್ನೆಲ್ಲ ಲೈನು ಹಂಚುವ ಮಶೀನಿಗೆ ಸುರಿದು, ಬಸ್ ನಿಲ್ದಾಣದ ಹಿಂದೆ ಅಂಗಡಿ ತೆರೆದೆ. ಮಳೆ ನಂಬಿದ ಎರೆ ಸೀಮೆಯವಳು ನೀರಾವರಿ ಮಂದಿಯ ನಡುವೆ ಧಂದೆ ಮಾಡಲು ಬಂದಿದ್ದಾಳೆ, ಎಷ್ಟು ದಿನ ನಿಲ್ಲುತ್ತಾಳೆ ನೋಡೋಣ ಎಂದು ಸಾವ್ಕಾರರು ಊರ ತುಂಬ ಹೇಳಿಕೊಂಡು ತಿರುಗಿದರು. ಅಂಗಡಿ ಮುಳುಗಿದರೆ ನನಗೆ ಹಿಂದಕ್ಕೆ ಹೋಗಲು ಹೊಲವೂ ಇರಲಿಲ್ಲ.

ಆ ದಿನಗಳಲ್ಲಿ ಹೇಮಗುಡ್ಡಕ್ಕೆ ಹೋಗಿ ದುರ್ಗಮ್ಮನ ಮುಂದೆ ಕೈ ಮುಗಿದು ನಿಂತಾಗ ನನಗೆ ಒಳ್ಳೆಯದು ಮಾಡು ಎಂದು ಕೇಳಲಿಲ್ಲ. ಅವರ ಲೈನು ಬಂದಾಗಲಿ ಎಂದು ಕೇಳಿದೆ. ದೇವರ ಮುಂದೆ ಹಾಗೆ ಕೇಳಬಾರದು ಎಂದು ಹಿರಿಯರು ಹೇಳುತ್ತಾರೆ. ಹಿರಿಯರನ್ನು ಯಾರೂ ಬಿಲ್ ಹರಿಯಾಕಿ ಅಂದಿರಲಿಲ್ಲ.

ಆಟೋ ಹೋದ ಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ನಾನೂ ಮುನ್ನೂರಕ್ಕೆ ಇಳಿಸಿ, ಅನ್‌ಲಿಮಿಟೆಡ್ ಎಂದು ಬೋರ್ಡು ಬರೆಸಿದೆ. ಗಿರಾಕಿಗಳು ಬಂದರು. ಅದೇ ತಿಂಗಳು ನನ್ನ ಸಂಜೆಯ ಗ್ರಾಫು ಮಟ್ಟಸವಾಯಿತು. ಈ ಮಾತನ್ನು ಬಿಡಿಸಿ ಹೇಳಬೇಕು. ನಾವು ಮೇಲಿನ ಕಂಪನಿಯಿಂದ ಇಂಟರ್‌ನೆಟ್ಟನ್ನು ಲೀಟರ್ ಲೆಕ್ಕದಲ್ಲಿ ಕೊಳ್ಳುವುದಿಲ್ಲ, ಕೊಳವೆಯ ದಪ್ಪದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಊರೆಲ್ಲ ಒಟ್ಟಿಗೆ ಕೂತು ನೋಡುವ ಸಂಜೆಯ ಹೊತ್ತಿಗೆ ಎಷ್ಟು ದಪ್ಪ ಬೇಕೋ ಅಷ್ಟಕ್ಕೆ ಇಡೀ ತಿಂಗಳು ಬಾಡಿಗೆ ಕಟ್ಟಬೇಕು. ದಪ್ಪ ಸಾಲದಿದ್ದರೆ ಗ್ರಾಫಿನ ಗೆರೆ ಏರಿ ಏರಿ ಒಂದು ಕಡೆ ತಲೆ ಬಡಿದು ಅಡ್ಡಕ್ಕೆ ಮಲಗಿಬಿಡುತ್ತದೆ. ಆಗ ಕಾಲುವೆಯ ಕೊನೆಯ ಹೊಲದವನಿಗೆ ಆಗುವಂತೆ ಎಲ್ಲರಿಗೂ ಹನಿ ಹನಿ ಮಾತ್ರ ಸಿಗುತ್ತದೆ.

ಮೊದಲು ಕೂಗಿದವರು ಗಿರಣಿಯವರು. ಲಾರಿ ತುಂಬಿ ನಿಂತಿದೆ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಬರುತ್ತಿಲ್ಲ, ಡ್ರೈವರ್ ಬೈಯುತ್ತಿದ್ದಾನೆ ಎಂದು ಫೋನಿನ ಮೇಲೆ ಫೋನು. ಹೊಸ ಮುನ್ನೂರರ ಗಿರಾಕಿಗಳು ಹಳೆಯ ಗಟ್ಟಿ ಗಿರಾಕಿಗಳನ್ನು ಓಡಿಸುತ್ತಿದ್ದರು. ಯಾರು ಎಷ್ಟು ಎಳೆಯುತ್ತಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಇಳಿಕೆಯ ಕ್ರಮದಲ್ಲಿ ಹಾಕಿ ನೋಡಿದೆ. ಮೇಲೆ ಇದ್ದವರು ಬೆರಳೆಣಿಕೆಯಷ್ಟು ಮಂದಿ. ಕಾಲೇಜಿನ ಹತ್ತಿರದ ಗೇಮ್ ಅಂಗಡಿ, ಒಂದು ಖಾಸಗಿ ಹಾಸ್ಟೆಲ್, ಟ್ರ್ಯಾಕ್ಟರ್ ಡ್ರೈವರುಗಳಿಗೆ ಹಾಡು, ಸಿನಿಮಾ ಇಳಿಸಿ ಮೆಮೊರಿ ಕಾರ್ಡ್ ತುಂಬಿಕೊಡುವ ಮೊಬೈಲ್ ಅಂಗಡಿ. ಇವರು ಸರಿ. ಆದರೆ ಎಲ್ಲರಿಗಿಂತ ಮೇಲೆ ಇದ್ದದ್ದು ಕಾಲುವೆ ದಂಡೆಯ ಓಣಿಯ ಒಬ್ಬ ಅಜ್ಜಿಯ ಮನೆ. ಅಲ್ಲಿ ಟಿವಿ ಒಂದೇ ಎಂದು ಕನೆಕ್ಷನ್ ಕೊಡುವಾಗ ನಾನೇ ನೋಡಿದ್ದೆ.

ಹೋಗಿ ನೋಡಿದೆ. ಅಜ್ಜಿಯ ಮನೆಯ ರೌಟರಿನಿಂದ ನೀಲಿ ವೈರು ಕಿಟಕಿಯಿಂದ ಹೊರಬಿದ್ದು, ಮಾಳಿಗೆ ಮೇಲಿಂದ ಪಕ್ಕದ ಮನೆಗೆ, ಅಲ್ಲಿಂದ ಅದರ ಪಕ್ಕದ ಮನೆಗೆ, ಹೀಗೆ ಓಣಿಯ ತುದಿಯವರೆಗೂ ಹೋಗಿತ್ತು. ಮುಚ್ಚುಮರೆ ಏನಿಲ್ಲ. ನಾನು ನಿಂತಿರುವಾಗಲೇ ಪಕ್ಕದ ಮನೆಯವಳು ಬಟ್ಟಲು ಹಿಡಿದು ಹಾಲಿಗೆ ಹೆಪ್ಪು ಕೇಳಲು ಬಂದಳು. ಅಜ್ಜಿ ಒಂದು ಚಮಚ ಮೊಸರು ಹಾಕಿ ಕಳಿಸಿ ನನ್ನ ಕಡೆ ತಿರುಗಿದರು. ಇದು ಒಂದು ಮನೆಗೆ ಕೊಟ್ಟ ಲೈನು, ಹೀಗೆ ಹಂಚಬಾರದು ಎಂದು ಹೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ.

“ಹೆಪ್ಪು ಕೊಟ್ರ ನಮ್ಮ ಮೊಸರೇನು ಕಡಿಮಿ ಆಗ್ತೈತೇನ ಯವ್ವಾ? ಕೇಳಿದವರಿಗೆ ಇಲ್ಲ ಅನ್ನಾಕ ಹೆಂಗ ಬರ್ತೈತಿ?”

ಆ ಓಣಿಯಲ್ಲಿ ಹೆಪ್ಪು, ಕುಟ್ಟಾಣಿ, ನಿಚ್ಚಣಿಕೆ ಯಾವುದೂ ಒಂದೇ ಮನೆಯದಲ್ಲ. ಇಂಟರ್‌ನೆಟ್ ಯಾಕೆ ಬೇರೆಯಾಗಬೇಕು?

ಮರುತಿಂಗಳು ಎರಡನೆಯ ಪ್ರಯೋಗ ಮಾಡಿದೆ. ಇಷ್ಟು ಡೇಟಾ ಮುಗಿದ ಮೇಲೆ ವೇಗ ತನ್ನಿಂತಾನೇ ಇಳಿಯುತ್ತದೆ ಎಂದು ಮಿತಿ ಹಾಕಿದೆ. ದೊಡ್ಡ ಕಂಪನಿಗಳು ಮಾಡುವ ಪದ್ಧತಿ ಅದೇ. ನಮ್ಮಲ್ಲಿ ಅದು ನಡೆಯಲಿಲ್ಲ. ಹಂಚಿಕೊಂಡ ಮನೆಗಳಲ್ಲಿ ತಿಂಗಳ ಮೊದಲ ವಾರವೇ ಎಲ್ಲ ಮುಗಿದು, ಯಾರು ಹೆಚ್ಚು ನೋಡಿದರು ಎಂದು ಅಕ್ಕಪಕ್ಕದವರು ಜಗಳಕ್ಕೆ ಬಿದ್ದು, ಕೊನೆಗೆ ಎಲ್ಲರೂ ಸೇರಿ ನನ್ನ ಮೇಲೆ ಬಂದರು. ನಿನ್ನ ಮೀಟರು ಓಡುತ್ತದೆ ಎಂದರು. ತೂಕದ ಕಲ್ಲಿನ ಮೇಲೆ, ಪೆಟ್ರೋಲ್ ಬಂಕಿನ ಮೇಲೆ ಇರುವ ಅನುಮಾನವೆಲ್ಲ ನನ್ನ ಗಿಗಾಬೈಟ್ ಮೇಲೆ ಬಂದು ಕೂತಿತು. ಸಾವ್ಕಾರರ ಆಟೋ ಮತ್ತೆ ಬಂತು. ಈ ಸಲ ಮೈಕಿನಲ್ಲಿ ಮಿತಿ ಇಲ್ಲ, ಮೋಸ ಇಲ್ಲ ಎಂಬ ಮಾತೂ ಸೇರಿತ್ತು. ಒಂದೇ ವಾರದಲ್ಲಿ ಎಷ್ಟೋ ಮನೆಗಳು ಅತ್ತ ಹೋದವು. ಮೇಸ್ತ್ರಿ ಬಿಚ್ಚಿ ತಂದ ರೌಟರುಗಳು ಅಂಗಡಿಯ ಮೂಲೆಯಲ್ಲಿ ಗುಡ್ಡೆ ಬಿದ್ದವು.

ಆ ಗುಡ್ಡೆಯ ಮುಂದೆ ಕೂತು ಲೆಕ್ಕ ಹಾಕುವಾಗ ನನಗೆ ಸಾವ್ಕಾರರ ಒಂದು ಹಳೆಯ ನಂಬಿಕೆ ನೆನಪಾಯಿತು. ಅವರು ಕೇಬಲ್ ಮನುಷ್ಯ. ಕೇಬಲ್ಲಿನಲ್ಲಿ ಒಂದು ಡಿಶ್ ಇದ್ದರೆ ಅದೇ ಸಿಗ್ನಲ್ ನೂರು ಟಿವಿಗೂ ಸಾಕು, ಸಾವಿರ ಟಿವಿಗೂ ಸಾಕು. ಮನೆ ಹೆಚ್ಚಾದರೆ ಬರುವುದೆಲ್ಲ ಲಾಭ. ಇಂಟರ್‌ನೆಟ್ ಹಾಗಲ್ಲ, ಸಂಜೆ ಹೊತ್ತು ಒಂದೊಂದು ಮನೆಯೂ ಕೊಳವೆಯನ್ನು ಬೇರೆ ಬೇರೆಯಾಗಿ ಕುಡಿಯುತ್ತದೆ ಎಂದು ಅವರ ಕೈಕೆಳಗಿದ್ದಾಗ ಎಷ್ಟು ಸಲ ಹೇಳಿದ್ದೆ. ನನಗೆ ಕಲಿಸಲು ಬರಬೇಡ ಎನ್ನುತ್ತಿದ್ದರು. ಅಜ್ಜಿ ಹೆಪ್ಪಿನ ಬಗ್ಗೆ ನಂಬಿದ್ದನ್ನೇ ಸಾವ್ಕಾರರು ಇಡೀ ಊರಿನ ಬಗ್ಗೆ ನಂಬಿದ್ದರು. ಅಜ್ಜಿಗೆ ಬಾಡಿಗೆ ಕಟ್ಟುವ ಪೀಕಲಾಟ ಇರಲಿಲ್ಲ, ಇವರಿಗೆ ಇತ್ತು. ಗಂಗಾವತಿಯಿಂದ ಅವರಿಗೆ ಬರುವ ಕೊಳವೆ ಎಷ್ಟು ದಪ್ಪ, ಅವರ ಮಶೀನಿನಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದು ನನಗೆ ಬಾಯಿಪಾಠ. ಅದನ್ನು ಕಟ್ಟಿದವಳೇ ನಾನು.

ಅವರ ಜೊತೆ ದರ ಇಳಿಸುವ ಪೈಪೋಟಿ ಬಿಡಬೇಕು, ಬದಲಿಗೆ ನನ್ನ ಭಾರದ ಗಿರಾಕಿಗಳನ್ನೆಲ್ಲ ಅವರ ಮೇಲೆ ಹೊರಿಸಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ಮೇಸ್ತ್ರಿಗೆ ಇದು ಸೇರಲಿಲ್ಲ.

“ಬಂದ ಗಿರಾಕಿನ್ನ ತಳ್ಳೋದು ಧಂದಾ ಅಲ್ಲಕ್ಕಾ,” ಎಂದ.

ತಳ್ಳುವುದಿಲ್ಲ, ಕೈ ಹಿಡಿದು ದಾಟಿಸುತ್ತೇನೆ ಎಂದೆ.

ಹೊಸ ದರಗಳನ್ನು ಮೂರು ಬಗೆಯಾಗಿ ಕಟ್ಟಿದೆ. ಗಿರಣಿಗಳಿಗೆ ಸೀಜನ್ ದರ: ಕಾಲುವೆಗೆ ನೀರು ಬಂದು, ಭತ್ತ ಕೊಯ್ದು, ಆವಕ ಶುರುವಾದ ತಿಂಗಳುಗಳಲ್ಲಿ ಹೆಚ್ಚಿನ ದರ, ಆದರೆ ಹಗಲಿನಲ್ಲಿ ಅವರ ವೇಗಕ್ಕೆ ಯಾರೂ ಕೈ ಹಾಕುವಂತಿಲ್ಲ. ಗಿರಣಿ ಸುಮ್ಮನಿರುವ ತಿಂಗಳುಗಳಲ್ಲಿ ಹೆಸರಿಗಷ್ಟು ಕೊಟ್ಟರೆ ಸಾಕು. ಹಮಾಲರ ಕೂಲಿ, ಲಾರಿ ಬಾಡಿಗೆ ಎಲ್ಲವನ್ನೂ ಸೀಜನ್ ಲೆಕ್ಕದಲ್ಲೇ ನೋಡುವ ಅವರಿಗೆ ಇದು ಒಂದೇ ಮಾತಿನಲ್ಲಿ ತಿಳಿಯಿತು. ಓಣಿಗಳಿಗೆ ಓಣಿ ದರ: ಹಂಚಿಕೊಳ್ಳಿ, ಆದರೆ ನಾನೇ ಹಂಚಿಕೊಡುತ್ತೇನೆ. ಮನೆಗೊಂದು ಹೆಸರು, ಮನೆಗೊಂದು ಅಳತೆಯ ವೇಗ, ಹಣ ತಿಂಗಳಿಗಲ್ಲ, ಮಹಿಳಾ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಜೊತೆ ಸಣ್ಣದಾಗಿ. ಬರೀ ಎರಡು ಓಣಿಗಳಲ್ಲಿ ಶುರು ಮಾಡಿದ್ದು, ಸಂಘದವರೇ ಬೇರೆ ಸಂಘಗಳಿಗೆ ಹೇಳಿ ಹಬ್ಬಿಸಿದರು. ವೇಗಕ್ಕೆ ಅಳತೆ ಇದ್ದ ಮೇಲೆ ಮೀಟರಿನ ಅನುಮಾನವೂ ಇಲ್ಲ, ಜಗಳವೂ ಇಲ್ಲ.

ಮೂರನೆಯದು ಭಾರದ ಗಿರಾಕಿಗಳ ದರ. ಅದನ್ನು ಯಾರೂ ಒಪ್ಪದಷ್ಟು ಏರಿಸಿ ಇಟ್ಟೆ. ಆಮೇಲೆ ಒಬ್ಬೊಬ್ಬರ ಬಳಿಗೂ ನಾನೇ ಹೋದೆ. ಗೇಮ್ ಅಂಗಡಿಯವರಿಗೆ, ಹಾಸ್ಟೆಲ್ಲಿನವರಿಗೆ, ಮೆಮೊರಿ ಕಾರ್ಡಿನವರಿಗೆ, ನನ್ನ ದರ ನಿಮಗೆ ಹೊಂದುವುದಿಲ್ಲ, ಸಾವ್ಕಾರರ ಹತ್ತಿರ ಅನ್‌ಲಿಮಿಟೆಡ್ ಇದೆ, ಅಲ್ಲಿಗೆ ಹೋಗಿ ಎಂದು ನಗುನಗುತ್ತ ಹೇಳಿದೆ. ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನೋಡಿಲ್ಲ ಎಂದು ಹಾಸ್ಟೆಲ್ಲಿನವರು ಹೊಗಳಿದರು. ಮೇಸ್ತ್ರಿಗೆ ಹೇಳಿ ಅವರ ಮನೆಗಳ ವೈರನ್ನು ಕಂಬದಿಂದ ಇಳಿಸದೆ, ತುದಿಯ ಕನೆಕ್ಟರ್ ಒರೆಸಿ, ಹಾಗೇ ಉಳಿಸಿದೆ. ಸಾವ್ಕಾರರ ಹುಡುಗರಿಗೆ ಹೊಸ ವೈರು ಎಳೆಯುವ ತ್ರಾಸೂ ಆಗಬಾರದಲ್ಲ.

ಕಾಲುವೆ ದಂಡೆಯ ಓಣಿಗೆ ಓಣಿ ದರ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಲೈನಿಗೆ ಅಷ್ಟು ಮನೆ ಜೋಡಿಸಿದ ಓಣಿ ಊರಿನಲ್ಲಿ ಮತ್ತೊಂದಿರಲಿಲ್ಲ. ಅದು ಸಾವ್ಕಾರರ ಮೇಲೆ ಬೀಳಬೇಕಿತ್ತು. ಅಜ್ಜಿಗೂ ಅದೇ ನಗುಮುಖದಲ್ಲಿ ಹೇಳಿ ಕಳಿಸಿದೆ.

ಸಾವ್ಕಾರರು ಹಿಗ್ಗಿದರು. ಎರೆ ಸೀಮೆಯವಳ ಗಿರಾಕಿಗಳು ತಾವಾಗಿ ಬರುತ್ತಿದ್ದಾರೆ ಎಂದು ಗಿರಣಿ ರಸ್ತೆಯ ಚಹಾದಂಗಡಿಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದರಂತೆ. ಕೆಲವೇ ವಾರಗಳಲ್ಲಿ ಅವರ ಸಂಜೆ ಕೆಟ್ಟಿತು. ನನಗೆ ಅವರ ಗ್ರಾಫ್ ಕಾಣುತ್ತಿರಲಿಲ್ಲ, ಕಾಣುವ ಅಗತ್ಯವೂ ಇರಲಿಲ್ಲ. ಅವರ ಗಿರಾಕಿಗಳು ಕ್ರಿಕೆಟ್ ಮ್ಯಾಚಿನ ಹೊತ್ತಿಗೆ ಸಿಗ್ನಲ್‌ಗಾಗಿ ಮೊಬೈಲ್ ಎತ್ತಿ ಹಿಡಿದು ಮಾಳಿಗೆ ಹತ್ತುವುದು ಕಾಣುತ್ತಿತ್ತು. ಪ್ರತಿ ಸಂಜೆ ನಾನು ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಆ ಮಾಳಿಗೆಗಳನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ. ಅಷ್ಟು ರುಚಿಯ ಚಹಾ ನಾನು ಅದಕ್ಕೂ ಮುಂಚೆ ಕುಡಿದಿರಲಿಲ್ಲ.

ದಪ್ಪ ಕೊಳವೆ ಕೊಂಡಿದ್ದರೆ ಅವರು ಉಳಿಯುತ್ತಿದ್ದರು. ಆ ಹೆದರಿಕೆ ನನಗೆ ಇದ್ದೇ ಇತ್ತು. ಆದರೆ ಅವರು ಕೇಬಲ್ ಮನುಷ್ಯನಂತೆಯೇ ನಡೆದರು. ಇನ್ನಷ್ಟು ಮನೆ ಜೋಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು, ಆರು ತಿಂಗಳದ್ದು ಮುಂಗಡ ಕಟ್ಟಿದರೆ ಇನ್ನಾರು ತಿಂಗಳು ಪುಕ್ಕಟೆ ಎಂದು ಮೈಕಿನಲ್ಲಿ ಕೂಗಿಸಿದರು. ಜನ ಕಟ್ಟಿದರು. ಆ ಹಣವನ್ನು ಅಳಿಯ ಗಂಗಾವತಿಗೆ ಒಯ್ದ. ಅವರ ಬಳಿ ಇದ್ದ ಗಿರಣಿಗಳು ಒಂದೊಂದಾಗಿ ನನ್ನ ಸೀಜನ್ ದರಕ್ಕೆ ಬಂದವು. ತಿಂಗಳಿಗೆ ದುಡ್ಡು ಕೊಡುವ ಗಟ್ಟಿ ಗಿರಾಕಿಗಳು ಇಲ್ಲಿ, ಕೊಟ್ಟು ಮುಗಿಸಿ ಹಗಲೂ ಸಂಜೆಯೂ ಎಳೆಯುವವರು ಅಲ್ಲಿ. ಮೇಲಿನ ಕಂಪನಿಯ ಬಾಡಿಗೆ ಬಾಕಿ ಬಿದ್ದು, ಒಂದು ಬೆಳಿಗ್ಗೆ ಅವರ ಕೊಳವೆಯೇ ಬಂದಾಯಿತು.

ಸುದ್ದಿ ತಂದ ಮೇಸ್ತ್ರಿಯ ಮುಂದೆ ನಾನು ಕುಣಿಯಲಿಲ್ಲ ಅಷ್ಟೇ. ಬೀದಿಗೆ ಬಂದು ನೋಡಿದರೆ ಸಾವ್ಕಾರರ ಆಫೀಸಿನ ಮುಂದೆ ಜಾತ್ರೆ ನೆರೆದಂತೆ ಮಂದಿ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು, ಪೇಡೆ ತರಿಸಿ ಅಂಗಡಿಗೆ ಬಂದವರಿಗೆಲ್ಲ ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ ಸುಮ್ಮನೆ ತಿನ್ನಿ ಎಂದೆ.

ಅದೇ ಮಧ್ಯಾಹ್ನ ಕಾಲುವೆ ದಂಡೆಯ ಅಜ್ಜಿ ಬಂದರು. ಅವರ ಕೈಗೂ ಪೇಡೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ತಮ್ಮ ಓಣಿಯವರೆಲ್ಲ ಸಂಘದ ಉಳಿತಾಯದಿಂದ ತೆಗೆದು ಆರು ತಿಂಗಳ ಮುಂಗಡ ಕಟ್ಟಿದ್ದಾರೆ, ಮೊಮ್ಮಗಳು ನರ್ಸಿಂಗ್ ಪಾಠವನ್ನು ಅದರಲ್ಲೇ ನೋಡುತ್ತಿದ್ದಳು ಎಂದು ಹೇಳಿದರು. ಆಮೇಲೆ ಕೌಂಟರಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು.

“ಅಲ್ಲಿಗೆ ಹೋಗ್ರಿ ಅಂತ ಕಳಿಸಿದಾಕಿ ನೀನ ಅಲ್ಲೇನವಾ? ನಮ್ಮ ಒಳ್ಳೇದಕ್ಕ ಹೇಳ್ತಾಳ ಅಂತ ಹೋದ್ವಿ.”

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಂದೆ ನನಗೆ ನಾಚಿಕೆಯಾಯಿತು. ಹೆಪ್ಪು ಕೇಳಲು ಬಂದವಳಿಗೂ ಇಲ್ಲ ಅನ್ನದ ಮುದುಕಿಯನ್ನು ನಾನು ಕವಣೆಗಲ್ಲಿನಂತೆ ಎತ್ತಿ ಎಸೆದಿದ್ದೆ. ನಾನೇ ದಾಟಿಸಿದ ಪ್ರತಿಯೊಬ್ಬ ಗಿರಾಕಿಗೂ ಅವರ ಮುಂಗಡದ ಅವಧಿ ಮುಗಿಯುವವರೆಗೆ ನನ್ನ ಲೈನನ್ನು ಹಣವಿಲ್ಲದೆ ಕೊಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೆ. ಅದಕ್ಕಾಗಿ ದಪ್ಪ ಕೊಳವೆ ಕೊಳ್ಳಬೇಕಾಯಿತು. ಆ ಸೀಜನ್ನಿನಲ್ಲಿ ಗಿರಣಿಗಳಿಂದ ಬಂದ ಲಾಭದಲ್ಲಿ ಬಹುಪಾಲು ಅದಕ್ಕೇ ಹೋಯಿತು. ಮೇಸ್ತ್ರಿ ಮರುದಿನವೇ ಆ ಓಣಿಗೆ ಹೋಗಿ ನೀಲಿ ವೈರನ್ನು ಬಿಚ್ಚಿ ಮನೆಮನೆಗೆ ಬೇರೆ ಲೈನು ಕೊಟ್ಟು ಬಂದ. ನಾಚಿಕೆ ಆ ಓಣಿಯವರ ಮುಂದೆ ಮಾತ್ರ. ಸಾವ್ಕಾರರ ವಿಷಯದಲ್ಲಿ ನನ್ನ ಹೊಟ್ಟೆಯ ಬೆಂಕಿ ಒಂದಿಷ್ಟೂ ಆರಿರಲಿಲ್ಲ.

ಅವರು ಬರಲೇಬೇಕಿತ್ತು. ಊರಿನ ಕಂಬಗಳ ಮೇಲಿನ ಅವರ ಫೈಬರನ್ನು ಕೊಳ್ಳಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಬಂದು ಕೂತು ಮೊದಲು ನೀರು ಕೇಳಿದರು, ಕೊಟ್ಟೆ. ಕೇಳಿದ ಬೆಲೆಯ ಅರ್ಧಕ್ಕೂ ಕಡಿಮೆ ಹೇಳಿದೆ. ಜೊತೆಗೆ, ನಾನು ಕಳಿಸದೆ ಅವರ ಮಾತಿಗೇ ಮರುಳಾಗಿ ಮುಂಗಡ ಕಟ್ಟಿದವರಿಗೆ ಆ ಬೆಲೆಯಿಂದಲೇ ಹಣ ವಾಪಸು ಹೋಗಬೇಕು, ಅದೂ ನನ್ನ ಕಣ್ಣೆದುರು ಎಂದೆ. ಅಳಿಯ ಎಲ್ಲಿ ಎಂದು ಕೇಳಿದ್ದಕ್ಕೆ ಅವರು ಮತ್ತೊಂದು ಲೋಟ ನೀರು ಕೇಳಿದರು. ಬಹಳ ಹೊತ್ತು ಚೌಕಾಸಿ ಮಾಡಿದರು. ನಾನು ಒಂದು ರೂಪಾಯಿಯೂ ಏರಲಿಲ್ಲ. ಕೊನೆಗೆ ಅವರು ಅಂದರು:

“ಈ ಧಂದಾ ನೀ ನನ್ನ ಹತ್ರನ ಕಲ್ತಾಕಿ. ಅದನ್ನರ ನೆನಪ ಇಟ್ಕೊ.”

“ಹೌದ್ರಿ ಸಾವ್ಕಾರ್ರ, ಕಲ್ತೀನಿ. ನೀವ ನನ್ನ ಹತ್ರ ಕಲೀಲಿಲ್ಲ,” ಎಂದೆ.

ಒಪ್ಪಿಗೆಯಾಯಿತು. ವಾಪಸು ಹೋಗಬೇಕಾದ ಹಣ ನನ್ನ ಕೌಂಟರಿನಿಂದಲೇ ಹೋಯಿತು. ಮುಂದಿನ ವಾರ ನಾನು, ಮೇಸ್ತ್ರಿ ಕೂತು ಅವರ ಲೈನುಗಳನ್ನು ಒಂದೊಂದಾಗಿ ನನ್ನ ಮಶೀನಿಗೆ ದಾಟಿಸಿದೆವು. ದಾಟಿಸದ ಮನೆಯ ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತದೆ, ದಾಟಿದ ಕೂಡಲೇ ಹಸಿರಾಗುತ್ತದೆ. ಗಿರಣಿ ರಸ್ತೆ ಮುಗಿಯಿತು, ಬಜಾರ ಮುಗಿಯಿತು, ಹಿಂದಿನ ಓಣಿಗಳೂ ಮುಗಿದವು. ಒಂದೇ ಮನೆ ಉಳಿಯಿತು, ಸಾವ್ಕಾರರದು. ಅದನ್ನೂ ಜೋಡಿಸಲೇ ಎಂದು ಮೇಸ್ತ್ರಿ ಕೇಳಿದ. ಬೇಡ, ಆ ಗಿರಾಕಿಯಿಂದ ದೂರು ಬಂದಿಲ್ಲ ಎಂದೆ.

ಎರಡು ದಿನ ದೂರು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಂಗಡಿಯ ದೂರಿನ ಫೋನು ರಿಂಗಾಯಿತು. ಮೇಸ್ತ್ರಿಗೆ ಎತ್ತಬೇಡ ಎಂದು ಸನ್ನೆ ಮಾಡಿ ನಾನೇ ಎತ್ತಿದೆ. ದನಿಯ ಗುರುತು ಸಿಕ್ಕಿತು. ನಮ್ಮ ಮನೆಯಲ್ಲಿ ಕೆಂಪು ದೀಪ ಬಂದಿದೆ, ನೆಟ್ ಇಲ್ಲ ಎಂದಿತು ಆ ದನಿ. ಆಗಲಿ, ನೋಡುತ್ತೇನೆ ಎಂದೆ.

“ಹೆಸರು ಹೇಳ್ರಿ,” ಎಂದೆ.

ಹೇಳಿದರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ.

“ಸರಿಯಾಗಿ ಕೇಳಸಲಿಲ್ರಿ,” ಎಂದೆ. “ಇನ್ನೊಮ್ಮೆ ಹೇಳ್ರಿ.”